ತಗಡಿನ ಬೋರ್ಡಿಗೆ ಕೈಬರಹ: ಯಾವ ಮಾಸ್ಕಿಂಗ್ ಟೇಪ್ ತಗೊಳ್ಳಲಿ?

ಹರಿಹರದ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಊರಲ್ಲಿ ಖಾನಾವಳಿ ಶುರು ಮಾಡುತ್ತಿದ್ದಾರೆ. ಫ್ಲೆಕ್ಸ್ ಬೇಡವೇ ಬೇಡ, ಕೈಯಲ್ಲಿ ಬರೆದ ಬೋರ್ಡೇ ಬೇಕು ಅಂತ ಅವರ ಆಸೆ. ನಾನು ಶಾಲೆಯ ಗೋಡೆ, ಗಣಪತಿ ಪೆಂಡಾಲು ಅಂತ ಅಲ್ಲಿ ಇಲ್ಲಿ ಬರೆದವನು, ಹಾಗಾಗಿ ಕೆಲಸ ನನಗೆ ಬಂದಿದೆ. ವರ್ಷಗಟ್ಟಲೆ ನಿಲ್ಲುವ ಅಂಗಡಿ ಬೋರ್ಡ್ ಇದೇ ಮೊದಲು.

ಜಿಐ ತಗಡು (ಸತು ಲೇಪಿಸಿದ ಕಬ್ಬಿಣದ ತಗಡು), 8 ಅಡಿ ಉದ್ದ, 3 ಅಡಿ ಎತ್ತರ, ಹಿಂದೆ ಕಬ್ಬಿಣದ ಫ್ರೇಮು. ಕಡು ಹಸಿರು ಸಿಂಥೆಟಿಕ್ ಎನಾಮೆಲ್ ಬೇಸ್, ಅದರ ಮೇಲೆ ಹಳದಿ ಅಕ್ಷರ, ಕೆಂಪು ನೆರಳು. ಸುತ್ತ ಎರಡು ಗೆರೆಯ ಬಾರ್ಡರ್, ಹೊರಗೆ ದಪ್ಪ, ಒಳಗೆ ಸಣ್ಣ. ಹೆಸರು 'ಅನ್ನಪೂರ್ಣೇಶ್ವರಿ ಖಾನಾವಳಿ'.

ಗೆರೆಯ ಅಂಚು ನೇರ ಬರಲಿ ಅಂತ ಪಕ್ಕಕ್ಕೆ ಅಂಟಿಸಿ, ಬಣ್ಣ ಹೊಡೆದ ಮೇಲೆ ಕೀಳುವ ಮಾಸ್ಕಿಂಗ್ ಟೇಪ್ ಬೇಕು. ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆನೆ ಬಣ್ಣದ ಸಾದಾ ಟೇಪ್ ಒಂದೇ ಸಿಗುತ್ತದೆ. ಆನ್‌ಲೈನ್ ನೋಡಿದರೆ ನೀಲಿ, ಹಸಿರು, ಹಳದಿ ಅಂತ ಹತ್ತಾರು ಇವೆ, ಬೆಲೆಯೂ ಜಾಸ್ತಿ. ಯಾವುದು ತರಿಸಲಿ? ಅಂಚಿನ ಕೆಳಗೆ ಬಣ್ಣ ನುಸುಳಬಾರದು, ಕೀಳುವಾಗ ಹಸಿರು ಎದ್ದು ಬರಬಾರದು, ಅಂಟು ಉಳಿಯಬಾರದು. ಇನ್ನೊಂದು ವಿಚಾರ. ಅಕ್ಷರಗಳ ಮೇಲೆ ಕೆಳಗೆ ಎರಡೂ ಕಡೆ ಉದ್ದಕ್ಕೆ ಟೇಪ್ ಹಾಕಿದರೆ ಎಲ್ಲ ಒಂದೇ ಮಟ್ಟಕ್ಕೆ ಬರುತ್ತವೆ ಅಲ್ವಾ?

ಬಳ್ಳಾರಿ ಬೋರ್ಡ್ಸ್

ತಮ್ಮಾ, ಟೇಪಿಗಿಂತ ಮೊದಲು ತಗಡು ನೋಡು. ಜಿಐ ಮೇಲೆ ಸತುವಿನ ಪದರ ಇರುತ್ತದೆ. ಅದರ ಮೇಲೆ ಸಿಂಥೆಟಿಕ್ ಎನಾಮೆಲ್ ನೇರವಾಗಿ ಹೊಡೆದರೆ ಬಣ್ಣದಲ್ಲಿರುವ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ಒಳಗೊಳಗೇ ಸೋಪಿನಂಥ ಪದರ ಆಗುತ್ತದೆ, ಸ್ವಲ್ಪ ದಿನಕ್ಕೆ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಆಗ ಎಂಥ ದುಬಾರಿ ಟೇಪ್ ಹಾಕಿದರೂ ಕೀಳುವಾಗ ಬೇಸನ್ನೂ ಎಳೆದುಕೊಂಡೇ ಬರುತ್ತದೆ, ಬೈಗುಳ ಮಾತ್ರ ಟೇಪಿಗೆ. ಬಣ್ಣಕ್ಕಿಂತ ಮೊದಲು ಹಚ್ಚುವ ಪ್ರೈಮರ್, ಜಿಐಗೆ ಅಂತಲೇ ಇರುವುದನ್ನು ಕೇಳಿ ತಗೋ. ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಹಿಂದಿನ ಕಬ್ಬಿಣದ ಫ್ರೇಮಿಗೆ ಸಾಕು, ತಗಡಿಗೆ ಬೇಡ.

ಬೇಸ್ ಹೊಡೆದ ಮಾರನೇ ದಿನ ಮುಟ್ಟಿದರೆ ಕೈಗೆ ಅಂಟುವುದಿಲ್ಲ, ನಿಜ. ಆದರೆ ಒಳಗೆ ಇನ್ನೂ ಮೆತ್ತಗೇ ಇರುತ್ತದೆ. ಎರಡು ಮೂರು ದಿನ ಬಿಡು, ಮಳೆ ಮೋಡ ಇದ್ದರೆ ಇನ್ನೂ ಜಾಸ್ತಿ. ಒಂದು ಮೂಲೆಯಲ್ಲಿ ಉಗುರು ಒತ್ತಿ ನೋಡು, ಗುರುತು ಬಿದ್ದರೆ ಇನ್ನೂ ಕಾಯಬೇಕು. ಆಮೇಲೆ ಅದೇ ಮೂಲೆಗೆ ಟೇಪಿನ ಒಂದು ತುಂಡು ಅಂಟಿಸಿ, ಗಟ್ಟಿಯಾಗಿ ತೀಡಿ, ಕಿತ್ತು ನೋಡು. ಬಣ್ಣ ಬರಲಿಲ್ಲ ಅಂದರೆ ಕೆಲಸ ಶುರು ಮಾಡಬಹುದು.

ಈಗ ಟೇಪ್. ಕೆನೆ ಬಣ್ಣದ್ದು ಸುಕ್ಕು ಕಾಗದದ ಟೇಪ್, ಅದಕ್ಕೆ ರಬ್ಬರ್ ಅಂಟು. ಆ ಸುಕ್ಕಿನ ಸಂದಿಯಲ್ಲೇ ಬಣ್ಣ ನುಸುಳುವುದು. ಬಿಸಿಲಿಗೆ ಬಿಟ್ಟರೆ ರಬ್ಬರ್ ಕರಗಿ ತಗಡಿಗೆ ಹತ್ತಿಕೊಳ್ಳುತ್ತದೆ, ನಮ್ಮ ಕಡೆ ಬೇಸಿಗೆಯಲ್ಲಂತೂ ಮಧ್ಯಾಹ್ನದ ಹೊತ್ತಿಗೆ ಕಥೆ ಮುಗಿಯಿತು. ಆದರೂ ಕಾಗದ ಹೊದಿಸೋಕೆ, ಅಗಲ ಜಾಗ ಮುಚ್ಚೋಕೆ ಇದೇ ಸಾಕು. ದುಡ್ಡು ಹಾಕಬೇಕಾದದ್ದು ಗೆರೆಯ ಅಂಚಿಗೆ ಕೂರುವ ಟೇಪಿಗೆ ಮಾತ್ರ.

ಆ ಅಂಚಿನ ಟೇಪ್ ಕಾರ್ ಪೇಂಟ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳು, ಮನೆ ಪೇಂಟ್ ಅಂಗಡಿಯಲ್ಲಿ ಅಲ್ಲ. ಮಾಸ್ಕಿಂಗ್ ಟೇಪ್ ಹುಟ್ಟಿದ್ದೇ ಕಾರಿಗಾಗಿ. ಅಮೆರಿಕದಲ್ಲಿ ಕಾರಿಗೆ ಎರಡು ಬಣ್ಣ ಹೊಡೆಸುವ ಫ್ಯಾಷನ್ ಬಂದಾಗ ಅಂಟು ಪಟ್ಟಿ ಕಿತ್ತರೆ ಬಣ್ಣವೂ ಕಿತ್ತು ಬರುತ್ತಿತ್ತು, ಅದಕ್ಕೆ 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಇದನ್ನು ಮಾಡಿದರು. ಇವತ್ತಿಗೂ ಒಳ್ಳೆಯ ಟೇಪ್ ಆ ಅಂಗಡಿಗಳಲ್ಲೇ ಸಿಗುವುದು. ಫೈನ್ ಲೈನ್ ಟೇಪ್ ಅಂದರೆ ಕೊಡುತ್ತಾರೆ. ಕಾಗದ ಅಲ್ಲ, ಪ್ಲಾಸ್ಟಿಕ್, 3 ಮಿಲಿಮೀಟರ್, 6 ಮಿಲಿಮೀಟರ್ ಅಗಲದಲ್ಲಿ ಬರುತ್ತದೆ. ಸುಕ್ಕಿಲ್ಲ, ಹಾಗಾಗಿ ಗೆರೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಬರುತ್ತದೆ. ವಿನೈಲ್‌ನದ್ದಾದರೆ ಎಳೆದರೆ ಬಾಗುತ್ತದೆ, ಬಾರ್ಡರಿನ ಮೂಲೆ ಗುಂಡಗೆ ಬೇಕಿದ್ದರೆ ಅದನ್ನೇ ತಗೋ. ನೇರ ಗೆರೆ ಮಾತ್ರ ಅಂದರೆ ತೆಳು ಹಳದಿ ಕಾಗದದ ಟೇಪ್, ಜಪಾನಿನ ವಾಶಿ ಕಾಗದದ್ದು, ಅದೂ ಬಹಳ ಚೆನ್ನಾಗಿದೆ. ತೆಳ್ಳಗಿರುವುದರಿಂದ ಕಿತ್ತ ಮೇಲೆ ಅಂಚಿನಲ್ಲಿ ಬಣ್ಣದ ದಿಬ್ಬ ನಿಲ್ಲುವುದಿಲ್ಲ.

ನೀಲಿ ಟೇಪ್ ಮನೆಯ ಗೋಡೆ, ಕಿಟಕಿ ಕೆಲಸಕ್ಕೆ ಒಳ್ಳೆಯದು. ಅಂಟು ಹದವಾಗಿದೆ, ಬಿಸಿಲು ತಡೆಯುತ್ತದೆ. ಸ್ಕಾಚ್‌ಬ್ಲೂ 2090 ಅನ್ನುವ ನೀಲಿ ಟೇಪ್ ಮೇಲೆ 14 ದಿನದೊಳಗೆ ಕಿತ್ತರೆ ಅಂಟು ಉಳಿಯುವುದಿಲ್ಲ ಅಂತ ಹಾಕಿರುತ್ತಾರೆ, ಹಾಗಂತ ಹೊಸ ಎನಾಮೆಲ್ ಮೇಲೆ ಅಷ್ಟು ದಿನ ಬಿಡಬೇಡ. ಅದೂ ಸುಕ್ಕು ಕಾಗದವೇ, ಸಣ್ಣ ಗೆರೆಗೆ ನನಗೆ ಹಿಡಿಸುವುದಿಲ್ಲ.

ಧಾರವಾಡದ ಟೀಚರ್

ಹಸಿರು ಟೇಪಿನ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಶಾಲೆಯ ಗೋಡೆಗಳಿಗೆ ಮಕ್ಕಳ ಜೊತೆ ಬರೆಯುವಾಗ ಬಳಸಿದ್ದೇವೆ. ಫ್ರಾಗ್‌ಟೇಪ್ ಅಂತ ಬರುತ್ತದಲ್ಲ, ಅದರ ಅಂಚಿನಲ್ಲಿ ನೀರು ಹೀರಿ ಉಬ್ಬುವ ಪುಡಿ ಸೇರಿಸಿರುತ್ತಾರೆ. ಇಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಗೋಡೆ ಬಣ್ಣ, ಅದರ ನೀರು ತಾಗಿದ ಕೂಡಲೇ ಅದು ಲೋಳೆಯ ಹಾಗಾಗಿ ಸಂದಿ ಮುಚ್ಚುತ್ತದೆ. ಗೋಡೆಗೆ ಅದ್ಭುತ. ಆದರೆ ನಿಮ್ಮದು ಎನಾಮೆಲ್, ಟರ್ಪೆಂಟೈನ್‌ನಲ್ಲಿ ಕಲಸುವ ಬಣ್ಣ. ನೀರೇ ಇಲ್ಲದ ಮೇಲೆ ಆ ಪುಡಿ ಏನೂ ಮಾಡುವುದಿಲ್ಲ. ಸುಮ್ನೆ ದುಡ್ಡು ದಂಡ.

ಗೋಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಸುಣ್ಣದ ಗೋಡೆ, ಹಳೇ ಡಿಸ್ಟೆಂಪರ್ ಗೋಡೆ ಆದರೆ ಯಾವ ಟೇಪೂ ನಿಲ್ಲುವುದಿಲ್ಲ, ಪುಡಿಯೇ ಕಿತ್ತು ಬರುತ್ತದೆ. ಗೋಡೆ ಒರಟಿದ್ದರೆ ಟೇಪ್ ಹಾಕಿದ ಮೇಲೆ ಮೊದಲು ಗೋಡೆಯ ಬಣ್ಣವನ್ನೇ ಅಂಚಿಗೆ ಒಂದು ಸಲ ತೆಳ್ಳಗೆ ಹಚ್ಚಿ ಒಣಗಿಸಿ, ಆಮೇಲೆ ಗೆರೆಯ ಬಣ್ಣ ಹೊಡೆಯಿರಿ. ನುಸುಳುವುದಿದ್ದರೆ ಗೋಡೆಯ ಬಣ್ಣವೇ ನುಸುಳಿ ಸಂದಿ ಮುಚ್ಚಿಕೊಳ್ಳುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಇದು ತಗಡಿಗೂ ನಡೆಯುತ್ತದೆ, ಆದರೆ ಎನಾಮೆಲ್ ಒಣಗೋಕೆ ಕಾಯಬೇಕಾಗುತ್ತದೆ ಅಷ್ಟೆ.

ಸ್ಟಿಕ್ಕರ್ ಕಟಿಂಗ್

ಅಕ್ಷರಕ್ಕೆ ಟೇಪ್ ಯಾಕೆ ಬ್ರೋ? ಹೆಸರನ್ನು ಕಂಪ್ಯೂಟರಿನಲ್ಲಿ ಜೋಡಿಸಿ ರೇಡಿಯಂ ಸ್ಟಿಕ್ಕರ್ ಅಂಗಡಿಯಲ್ಲಿ ಪ್ಲಾಟರ್‌ಗೆ, ಅಂದರೆ ಸ್ಟಿಕ್ಕರ್ ಕತ್ತರಿಸುವ ಯಂತ್ರಕ್ಕೆ, ಕೊಡಿ. ವಿನೈಲ್‌ನಲ್ಲಿ ಅಕ್ಷರದ ಆಕಾರ ಕತ್ತರಿಸಿ ಕೊಡುತ್ತಾರೆ. ಅದನ್ನು ತಗಡಿಗೆ ಅಂಟಿಸಿ, ಅಕ್ಷರದ ಜಾಗ ಕಿತ್ತು, ಬಣ್ಣ ಹೊಡೆದು, ಉಳಿದದ್ದು ಕೀಳಿ. ಸುತ್ತು, ಒತ್ತು, ಎಲ್ಲವೂ ಹಾಗೇ ಬರುತ್ತದೆ. ಅಂಟು ಕಡಿಮೆ ಇರುವ ವಿನೈಲ್ ಕೊಡಿ ಅಂತ ಕೇಳಿ, ಮಾಮೂಲಿ ಸ್ಟಿಕ್ಕರಿನದ್ದು ಬೇಸನ್ನು ಎಬ್ಬಿಸುತ್ತದೆ. ಕಂಪನಿ ಲೋಗೋ ಇದ್ದಾಗ ನಾನು ಬೋರ್ಡ್ ಬರೆಯುವವರಿಗೆ ಹೀಗೇ ಕತ್ತರಿಸಿ ಕೊಡುವುದು.

ಬಳ್ಳಾರಿ ಬೋರ್ಡ್ಸ್

ಲೋಗೋಗೆ ಸರಿ. ಖಾನಾವಳಿ ಹೆಸರಿಗೆ ಬೇಡ. ಅವರ ಮಾವ ಕೇಳಿರುವುದು ಕೈಬರಹ. ಕಂಪ್ಯೂಟರ್ ಫಾಂಟನ್ನೇ ಕತ್ತರಿಸಿ ಬಣ್ಣ ಹೊಡೆದರೆ ಫ್ಲೆಕ್ಸ್ ಮೇಲಿರುವ ಅಕ್ಷರವೇ ತಗಡಿಗೆ ಬಂತು, ಅಷ್ಟೆ.

ಹರಿಹರದ ಹುಡುಗ

ಬಹಳ ಉಪಯೋಗ ಆಯಿತು, ಎಲ್ಲರಿಗೂ ಥ್ಯಾಂಕ್ಸ್. ಜಿಐ ಪ್ರೈಮರ್ ವಿಷಯ ಗೊತ್ತೇ ಇರಲಿಲ್ಲ. ಅಕ್ಷರ ಕೈಯಲ್ಲೇ ಬರೆಯುತ್ತೇನೆ. ಹಾಗಾದರೆ ಮೇಲೆ ಕೆಳಗೆ ಟೇಪ್ ಹಾಕಿ ಮಧ್ಯೆ ಬರೆಯುವುದು? ಮತ್ತೆ ಸಣ್ಣ ಗೆರೆ ಉದ್ದಕ್ಕೂ ಒಂದೇ ಅಗಲ ಬರಬೇಕು, ಎರಡು ಟೇಪ್ ಅಂಟಿಸುವಾಗ ಮಧ್ಯದ ಸಂದು ಹೆಚ್ಚು ಕಡಿಮೆ ಆಗುತ್ತದೆ.

ಗೆರೆ ಮತ್ತು ಒತ್ತು

ಕನ್ನಡಕ್ಕೆ ಮೇಲೆ ಕೆಳಗೆ ಟೇಪ್ ಹಾಕಬೇಡಿ, ದಯವಿಟ್ಟು. ಇಂಗ್ಲಿಷಿನ ಚೌಕಾಕಾರದ ದೊಡ್ಡಕ್ಷರಕ್ಕೆ ಅದು ಹೇಗೋ ನಡೆಯುತ್ತದೆ. ನಮ್ಮದು ದುಂಡು ಅಕ್ಷರ. ರ, ಠ, ನ, ಸೊನ್ನೆ, ಇವೆಲ್ಲ ಗೆರೆಯನ್ನು ಒಂದು ಕೂದಲೆಳೆಯಷ್ಟು ದಾಟಿದರೇ ಉಳಿದವುಗಳ ಸಮಕ್ಕೆ ಕಾಣುವುದು. ಟೇಪ್ ಆ ಹೊಟ್ಟೆಯನ್ನು ಕತ್ತರಿಸಿಬಿಡುತ್ತದೆ, ಅಕ್ಷರ ಚಪ್ಪಟೆಯಾಗಿ ಚಿಕ್ಕದು ಕಾಣುತ್ತದೆ. ತಲಕಟ್ಟಿನ ತುದಿ ಮೇಲಕ್ಕೆ ಏಳಬೇಕು, ಅದೂ ಹೋಗುತ್ತದೆ. ನಿಮ್ಮ ಹೆಸರಿನಲ್ಲೇ ನೋಡಿ, ನ್ನ ಮತ್ತು ಶ್ವ ಎರಡಕ್ಕೂ ಒತ್ತು ಕೆಳಗೆ ಇಳಿಯುತ್ತದೆ, ರ್ಣೇಯ ಅರ್ಕಾವತ್ತು ಮಾತ್ರ ಬಲಗಡೆ ಗೆರೆಯ ಮೇಲೇ ಕೂರುತ್ತದೆ. ಒತ್ತಿಗೆ ಕೆಳಗೆ ಜಾಗ ಮೊದಲೇ ಬಿಡಬೇಕು. ಜಾಗ ಸಾಲದೆ ಒತ್ತನ್ನು ಮುದುಡಿಸಿದ ಬೋರ್ಡುಗಳನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಕನ್ನಡ ಶೇಕಡ 60 ಇರಬೇಕು ಅನ್ನುವ ನಿಯಮಕ್ಕೆ 2024ರಲ್ಲಿ ಅವಸರದಲ್ಲಿ ಬದಲಾಯಿಸಿದ ಎಷ್ಟೋ ಬೋರ್ಡುಗಳಲ್ಲಿ ಅಕ್ಷರ ದೊಡ್ಡದಾಗಿದೆ, ಒತ್ತು ಮಾತ್ರ ಉಸಿರುಗಟ್ಟಿ ಕೂತಿದೆ.

ಮಟ್ಟಕ್ಕೆ ದಾರ ಸಾಕು. ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಎರಡು ಕಡೆ ಬಿಗಿ ಹಿಡಿದು, ಮಧ್ಯೆ ಎತ್ತಿ ಬಿಡಿ. ಹಸಿರಿನ ಮೇಲೆ ಬಿಳಿ ಗೆರೆ ಚೆನ್ನಾಗಿ ಕಾಣುತ್ತದೆ. ತಲಕಟ್ಟಿಗೆ ಒಂದು, ಅಕ್ಷರದ ತಳಕ್ಕೆ ಒಂದು, ಒತ್ತಿನ ತಳಕ್ಕೆ ಒಂದು. ಬರೆದು ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈ ನಡುಗಿದರೆ ತುದಿಗೆ ಬಟ್ಟೆ ಸುತ್ತಿದ ಕೋಲನ್ನು ಎಡಗೈಯಲ್ಲಿ ಬೋರ್ಡಿಗೆ ಒರಗಿಸಿ, ಬಲಗೈಯನ್ನು ಅದರ ಮೇಲೆ ಊರಿ ಬರೆಯಿರಿ. ಕೆಂಪು ನೆರಳಿಗೂ ಟೇಪ್ ಬೇಡ. ಹಳದಿ ಅಕ್ಷರಕ್ಕೂ ನೆರಳಿಗೂ ನಡುವೆ ಸಣ್ಣಗೆ ಹಸಿರು ಬಿಟ್ಟುಬಿಡಿ, ಅಂಚು ಮುಟ್ಟಿಸುವ ತಾಪತ್ರಯವೇ ಇಲ್ಲ, ದೂರದಿಂದಲೂ ಬಿಡಿಸಿ ಕಾಣುತ್ತದೆ.

ಬಾರ್ಡರಿನ ಸಣ್ಣ ಗೆರೆಗೆ ಸುಲಭ ದಾರಿ ಇದೆ. 6 ಮಿಲಿಮೀಟರ್ ಗೆರೆ ಬೇಕಾದರೆ ಗೆರೆ ಬರಬೇಕಾದ ಜಾಗಕ್ಕೇ ಮೊದಲು 6 ಮಿಲಿಮೀಟರ್ ಫೈನ್ ಲೈನ್ ಟೇಪ್ ಅಂಟಿಸಿ. ಅದರ ಎರಡೂ ಪಕ್ಕಕ್ಕೆ ಒತ್ತಿಕೊಂಡು ಇನ್ನೆರಡು ಟೇಪ್ ಹಾಕಿ, ಒಂದರ ಮೇಲೊಂದು ಏರಬಾರದು. ಈಗ ಮಧ್ಯದ್ದನ್ನು ಕಿತ್ತುಬಿಡಿ. ಉದ್ದಕ್ಕೂ 6 ಮಿಲಿಮೀಟರ್ ಸಂದು ಸಿಕ್ಕಿತಲ್ಲ, ಅಳತೆ ಪಟ್ಟಿಯೇ ಬೇಡ. ಮೂಲೆಯಲ್ಲಿ ಟೇಪನ್ನು ತಗಡಿನ ಮೇಲೆ ಬ್ಲೇಡಿನಿಂದ ಕೊಯ್ಯಬೇಡಿ. ಗೀರು ಪ್ರೈಮರ್ ದಾಟಿ ಸತುವಿನವರೆಗೂ ಹೋದರೆ ಮಳೆಗಾಲ ಕಳೆಯುವುದರೊಳಗೆ ಅಲ್ಲಿಂದಲೇ ಬಣ್ಣ ಏಳೋಕೆ ಶುರುವಾಗುತ್ತದೆ. ಮೊದಲೇ ಕತ್ತರಿಸಿ ತಂದು ಅಂಟಿಸಿ.

ಟೇಪಿನ ಅಂಚನ್ನು ಹಳೇ ಎಟಿಎಂ ಕಾರ್ಡಿನಿಂದ ತೀಡಿ. ಬಣ್ಣ ನೀರಾಗಿ ಕಲಸಬೇಡಿ. ಬ್ರಷ್ ಟೇಪಿನ ಮೇಲಿಂದ ಗೆರೆಯ ಒಳಕ್ಕೆ ಬರಬೇಕು, ಗೆರೆಯಿಂದ ಟೇಪಿನ ಕಡೆಗೆ ತಳ್ಳಿದರೆ ಬಣ್ಣ ಅಡಿಗೆ ನುಗ್ಗುತ್ತದೆ.

ಹರಿಹರದ ಹುಡುಗ

ದಾರದ ಉಪಾಯ ಸೂಪರ್ ಸಾರ್. ಒಂದೇ ಕೊನೇ ಪ್ರಶ್ನೆ. ಬಾರ್ಡರ್ ಬಣ್ಣ ಪೂರ್ತಿ ಒಣಗಿದ ಮೇಲೆ ಟೇಪ್ ಕೀಳಬೇಕಾ, ಹಸಿ ಇರುವಾಗಲೇನಾ?

ಗೆರೆ ಮತ್ತು ಒತ್ತು

ಹಸಿ ಇರುವಾಗಲೇ. ಕೊನೆಯ ಕೈ ಹೊಡೆದು, ಬಣ್ಣ ಹರಿಯುವುದು ನಿಂತು, ಇನ್ನೂ ಮೇಲ್ಪದರ ಕಟ್ಟುವ ಮೊದಲು. ಒಣಗೋಕೆ ಬಿಟ್ಟರೆ ಟೇಪಿನ ಮೇಲಿನ ಬಣ್ಣ, ತಗಡಿನ ಮೇಲಿನ ಬಣ್ಣ ಎರಡೂ ಒಂದೇ ಚರ್ಮ ಆಗಿ ಅಂಚು ಹರಿಯುತ್ತದೆ. ಟೇಪನ್ನು ಅದರ ಬೆನ್ನಿನ ಮೇಲೇ ಮಡಚಿ ನಿಧಾನಕ್ಕೆ ಎಳೆಯಿರಿ, ನೇರ ಮೇಲಕ್ಕೆ ಎತ್ತಬೇಡಿ. ಅದಕ್ಕೇ ನಾಲ್ಕೂ ಬದಿ ಒಂದೇ ಸಲ ಹಚ್ಚಬೇಡಿ ಅನ್ನುವುದು. ಒಂದು ಬದಿ ಹಚ್ಚಿ, ಕಿತ್ತು, ಆಮೇಲೆ ಇನ್ನೊಂದು. ಬೆಳಿಗ್ಗೆ ನೆರಳಿನಲ್ಲಿ ಮಾಡಿ.

ಬಳ್ಳಾರಿ ಬೋರ್ಡ್ಸ್

ಇಷ್ಟಾದರೂ ಎಲ್ಲಾದರೂ ಅಂಟು ಉಳಿದರೆ ಎನ್‌ಸಿ ಥಿನ್ನರ್ (ಲ್ಯಾಕರ್ ಬಣ್ಣ ತೆಳು ಮಾಡುವ ಖಾರ ದ್ರಾವಕ), ಪೆಟ್ರೋಲ್ ಮುಟ್ಟಿಸಬೇಡ ತಮ್ಮಾ, ಎನಾಮೆಲ್ ಕರಗುತ್ತದೆ. ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ಆ ಅಂಟನ್ನು ಹಾಗೇ ಬಿಡು. ಆಮೇಲೆ ಬಟ್ಟೆಗೆ ಸ್ವಲ್ಪವೇ ಟರ್ಪೆಂಟೈನ್ ತಾಗಿಸಿ ಹಗುರಕ್ಕೆ ಉಜ್ಜು, ಕೂಡಲೇ ಸೋಪು ನೀರಿನ ಬಟ್ಟೆಯಿಂದ ಒರೆಸು. ಬೋರ್ಡ್ ಮುಗಿದ ಮೇಲೆ ಫೋಟೋ ಇಲ್ಲಿ ಹಾಕು, ಒತ್ತುಗಳು ಹೇಗೆ ಬಂದಿವೆ ನೋಡಬೇಕು.