ಬ್ಲೂಬೆರಿ ತಿನ್ನಲೇಬೇಕಾ? ನಮ್ಮ ಮುರುಗಲು, ನೇರಳೆ ಸಾಲದಾ?

ಶಿರಸಿ ಅಕ್ಕ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಅತ್ತೆಗೆ ಸಕ್ಕರೆ ಕಾಯಿಲೆ. ಮಾವನಿಗೆ ಬಿಪಿ, ಮೇಲಿಂದ ಬೀಡಿ ಬೇರೆ, ಯಾರು ಹೇಳಿದರೂ ಬಿಡುವುದಿಲ್ಲ. ಬೆಂಗಳೂರಿನಲ್ಲಿರುವ ಮಗಳದ್ದು ಒಂದೇ ಹಟ, ಅಜ್ಜ ಅಜ್ಜಿಗೆ ದಿನಾ ಬ್ಲೂಬೆರಿ ಕೊಡು, ಅದರಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ, ಅದು ಸೂಪರ್‌ಫುಡ್ ಅಂತ. ಇಲ್ಲಿ ಪೇಟೆಯಲ್ಲಿ ಒಂದು ಅಂಗಡಿಗೆ ಅಪರೂಪಕ್ಕೆ ಬರುತ್ತದೆ. 125 ಗ್ರಾಂ ಡಬ್ಬಿಗೆ 300 ರೂಪಾಯಿ! ಆದರೂ ತಂದು ಕೊಟ್ಟೆ. ಅತ್ತೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು "ಇದಕ್ಕೆ ಇಷ್ಟು ದುಡ್ಡು ಕೊಟ್ಯಾ?" ಅಂದು ಸುಮ್ಮನಾದರು.

ಅಷ್ಟಕ್ಕೇ ಬಿಡದೆ ಮಗಳು ಆನ್‌ಲೈನ್‌ನಲ್ಲಿ ಕ್ಯಾಪ್ಸೂಲ್ ಡಬ್ಬಿಯನ್ನೂ ಕಳಿಸಿದ್ದಾಳೆ. ಅದರ ಮೇಲೆ ಬ್ಲೂಬೆರಿ ಪುಡಿ, ಬೀಟಾ ಕೆರೋಟಿನ್, ವಿಟಮಿನ್ ಇ, ಗ್ರೀನ್ ಟೀ ಎಕ್ಸ್‌ಟ್ರ್ಯಾಕ್ಟ್, ಗಾರ್ಸಿನಿಯಾ ಅಂತೆಲ್ಲ ಬರೆದಿದೆ. ಇಬ್ಬರಿಗೂ ಕೊಡಬಹುದಾ? ನಮ್ಮಲ್ಲಿ ಮುರುಗಲು (ಪುನರ್ಪುಳಿ, ಕೋಕಂ) ಇದೆ, ನೇರಳೆ ಇದೆ, ನೆಲ್ಲಿಕಾಯಿ ಇದೆ. ಇವುಗಳಲ್ಲಿ ಇಲ್ಲದ್ದು ಬ್ಲೂಬೆರಿಯಲ್ಲಿ ಏನಿದೆ ಅಂತ ತಿಳಿದವರು ಹೇಳಿ.

ಔಷಧಿ ಅಂಗಡಿ, ಕುಮಟಾ

ಅಕ್ಕ, ಹಣ್ಣಿನ ವಿಷಯ ಆಮೇಲೆ. ಮೊದಲು ಆ ಡಬ್ಬಿಯನ್ನು ಮಾವನ ಕೈಗೆ ಸಿಗದ ಕಡೆ ಇಡಿ.

ಬೀಡಿ ಸಿಗರೇಟು ಸೇದುವವರಿಗೆ ಬೀಟಾ ಕೆರೋಟಿನ್ ಮಾತ್ರೆ ಕೊಡಬಾರದು. ಇದು ನನ್ನ ಅಭಿಪ್ರಾಯ ಅಲ್ಲ, ಜನರ ಮೇಲೆ ಪರೀಕ್ಷೆ ಮಾಡಿಯೇ ಗೊತ್ತಾದದ್ದು. ಫಿನ್‌ಲೆಂಡಿನಲ್ಲಿ 29,133 ಮಂದಿ ಸಿಗರೇಟು ಸೇದುವ ಗಂಡಸರನ್ನು ಸೇರಿಸಿಕೊಂಡು, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಕೊಟ್ಟು, ಐದರಿಂದ ಎಂಟು ವರ್ಷ ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದು ಅನ್ನುವುದು ಅವರ ಲೆಕ್ಕ. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಿಂದವರಲ್ಲೇ ಕ್ಯಾನ್ಸರ್ 18 ಶೇಕಡಾ ಜಾಸ್ತಿ! ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು, ಅಲ್ಲೂ ಹಾಗೇ ಕಂಡದ್ದರಿಂದ 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ವಿಟಮಿನ್ ಇ ಕಥೆಯೂ ಚೆನ್ನಾಗೇನಿಲ್ಲ. ಆರೋಗ್ಯವಾಗಿದ್ದ ಗಂಡಸರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದರೆ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಜಾಸ್ತಿ ಅಂತ 2011ರಲ್ಲಿ ಗೊತ್ತಾಯಿತು.

ಹಾಗಂತ ಗಜ್ಜರಿ, ಪಪ್ಪಾಯಿ, ಮಾವಿನಹಣ್ಣು ತಿನ್ನಲು ಹೆದರಬೇಡಿ. ಊಟದಲ್ಲಿ ಬರುವ ಬೀಟಾ ಕೆರೋಟಿನ್‌ನಿಂದ ಈ ತೊಂದರೆ ಕಂಡಿಲ್ಲ. ಮಾತ್ರೆಯಲ್ಲಿ ಒಂದೇ ವಸ್ತುವನ್ನು ದಿನಾ ಜಾಸ್ತಿ ಪ್ರಮಾಣದಲ್ಲಿ ತುಂಬುವುದರಿಂದಲೇ ಗೋಳು.

ಗ್ರೀನ್ ಟೀ ಕುಡಿದರೆ ಏನೂ ಆಗುವುದಿಲ್ಲ, ಅದರ ಸಾರ ಹಿಂಡಿ ಮಾಡಿದ ಕ್ಯಾಪ್ಸೂಲ್ ಮಾತ್ರ ಕೆಲವರ ಲಿವರ್‌ಗೆ ಪೆಟ್ಟು ಕೊಟ್ಟಿದೆ. ಅತ್ತೆ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಾ ಇರಬೇಕಲ್ವಾ? ಹಾಗಿದ್ದರೆ ಡಾಕ್ಟರಿಗೆ ಡಬ್ಬಿ ತೋರಿಸದೆ ಅವರಿಗೂ ಬೇಡ. ನಾನೇ ಇಂಥವನ್ನು ಮಾರುವವನು, ಆದರೂ ಹೇಳುತ್ತಿದ್ದೇನೆ.

ಬೈತಖೋಲ್ ಹುಡುಗಿ

ಕಾರವಾರದಿಂದ. ಆಹಾರ ವಿಜ್ಞಾನ ಓದಿದ್ದೇನೆ, ಹಣ್ಣಿನ ಪ್ರಶ್ನೆಗೆ ನಾನು ಹೇಳುತ್ತೇನೆ.

ಬ್ಲೂಬೆರಿಯ ನೀಲಿ ಬಣ್ಣಕ್ಕೆ ಕಾರಣ ಆಂಥೋಸಯನಿನ್ ಅನ್ನುವ ವಸ್ತುಗಳು. ಇವು ಒಂದೆರಡಲ್ಲ, ದೊಡ್ಡ ಬಳಗ. ನೇರಳೆ ಹಣ್ಣು ತಿಂದಾಗ ನಾಲಿಗೆ ನೀಲಿಯಾಗುವುದೂ ಇದೇ ಬಳಗದಿಂದ, ಈ ಬಳಗದ ಡೆಲ್ಫಿನಿಡಿನ್, ಮಾಲ್ವಿಡಿನ್ ಅನ್ನುವವು ಬ್ಲೂಬೆರಿ, ನೇರಳೆ ಎರಡರಲ್ಲೂ ಇವೆ. ಬ್ಲೂಬೆರಿಯನ್ನು ಕತ್ತರಿಸಿ ನೋಡಿ, ಒಳಗೆ ಬಿಳಿಚಿಕೊಂಡಿರುತ್ತದೆ, ಬಣ್ಣವೆಲ್ಲ ಸಿಪ್ಪೆಯಲ್ಲಿ. ನೇರಳೆಗೆ ತಿರುಳಿನಲ್ಲೂ ಬಣ್ಣ ಇಳಿದಿರುತ್ತದೆ. ಮುರುಗಲಿನ ಕೆಂಪು ಸಯನಿಡಿನ್‌ನಿಂದ, ಅದೂ ಇದೇ ಬಳಗದ್ದು. ಮುರುಗಲು ಸಿಪ್ಪೆಯಲ್ಲಿ ಗಾರ್ಸಿನಾಲ್ ಅಂತ ಇನ್ನೊಂದು ಇದೆ, ಅದು ಬ್ಲೂಬೆರಿಯಲ್ಲಿ ಇಲ್ಲ. ಮನೆಯಲ್ಲೇ ಒಂದು ತಮಾಷೆ ನೋಡಬಹುದು. ಸಕ್ಕರೆ ಹಾಕದ ಮುರುಗಲು ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಕೆಂಪು ಹೋಗಿ ನೀಲಿ ಕಡೆ ತಿರುಗುತ್ತದೆ. ಹುಳಿ ಹಿಂಡಿದರೆ ಮತ್ತೆ ಕೆಂಪು. ನೀರನ್ನು ಆಮೇಲೆ ಚೆಲ್ಲಿಬಿಡಿ.

ಈಗ "ಯಾವುದರಲ್ಲಿ ಜಾಸ್ತಿ" ಅನ್ನುವ ಜಗಳ. ಅಮೆರಿಕದ ಕೃಷಿ ಇಲಾಖೆ ಹಿಂದೆ ಓರ್ಯಾಕ್ ಅಂತ ಒಂದು ಪಟ್ಟಿ ಇಟ್ಟಿತ್ತು. ಫ್ರೀ ರಾಡಿಕಲ್ ಅಂದರೆ ಜೀವಕೋಶಗಳಿಗೆ ಹಾನಿ ಮಾಡಬಲ್ಲ ಚುರುಕು ಕಣಗಳು, ಅವನ್ನು ತಡೆಯುವುದೇ ಆಂಟಿಆಕ್ಸಿಡೆಂಟ್; ಗಾಜಿನ ಕೊಳವೆಯಲ್ಲಿ ಯಾವ ಆಹಾರ ಅವನ್ನು ಎಷ್ಟು ತಡೆಯುತ್ತದೆ ಅಂತ ಅಳೆದು ಅಂಕ ಕೊಡುವುದು. ಕಂಪನಿಗಳು ಆ ಅಂಕವನ್ನೇ ಡಬ್ಬಿ ಮೇಲೆ ಹಾಕಿ ಮಾರಿದವು. 2012ರಲ್ಲಿ ಇಲಾಖೆಯೇ ಪಟ್ಟಿಯನ್ನು ತೆಗೆದುಹಾಕಿತು. ಕೊಳವೆಯ ಅಂಕಕ್ಕೂ ಮನುಷ್ಯರ ಆರೋಗ್ಯಕ್ಕೂ ನೇರ ಸಂಬಂಧ ಇಲ್ಲ, ಅದನ್ನು ದುರುಪಯೋಗ ಮಾಡುತ್ತಿದ್ದಾರೆ ಅಂತ ಅದೇ ಹೇಳಿತು. ಯಾಕೆ ಸಂಬಂಧ ಇಲ್ಲ ಅಂದರೆ, ನಾವು ತಿಂದ ಆಂಥೋಸಯನಿನ್‌ನಲ್ಲಿ ರಕ್ತಕ್ಕೆ ಹಾಗೇ ಸೇರುವುದು ತೀರಾ ಸ್ವಲ್ಪ. ಉಳಿದದ್ದು ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಬೇರೆ ಬೇರೆ ಚಿಕ್ಕ ವಸ್ತು ಮಾಡುತ್ತವೆ, ಉಪಯೋಗ ಆದರೆ ಅವುಗಳಿಂದ ಆಗುವುದೇ ಜಾಸ್ತಿ. ಮತ್ತೆ ಫ್ರೀ ರಾಡಿಕಲ್ ಅಂದರೆ ಬರೀ ಶತ್ರುವೂ ಅಲ್ಲ, ರೋಗಾಣು ಕೊಲ್ಲಲು ನಮ್ಮ ಬಿಳಿರಕ್ತಕಣಗಳೇ ಅದನ್ನು ಬಳಸುತ್ತವೆ.

ಬ್ಲೂಬೆರಿಯಿಂದ ಏನೂ ಇಲ್ಲ ಅಂತಲೂ ಅಲ್ಲ. ಇಂಗ್ಲೆಂಡಿನಲ್ಲಿ ಬೊಜ್ಜು, ಸಕ್ಕರೆ, ಬಿಪಿ ಎಲ್ಲ ಸ್ವಲ್ಪ ಸ್ವಲ್ಪ ಏರಿದ್ದ 115 ಜನರ ಮೇಲೆ ಆರು ತಿಂಗಳು ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ದಿನಕ್ಕೆ 150 ಗ್ರಾಂ ಹಣ್ಣಿಗೆ ಸಮನಾದ ಬ್ಲೂಬೆರಿ ಪುಡಿ ತಿಂದವರಿಗೆ ರಕ್ತನಾಳಗಳು ಹಿಗ್ಗುವ ಗುಣ ಸುಧಾರಿಸಿತು. ಅದರ ಅರ್ಧ ತಿಂದವರಿಗೆ ಆ ಲಾಭ ಸಿಗಲಿಲ್ಲ. ಇನ್ಸುಲಿನ್ ವಿಷಯದಲ್ಲಿ ಯಾರಿಗೂ ಬದಲಾವಣೆ ಇಲ್ಲ. ಅಂದರೆ ಅತ್ತೆಯ ಸಕ್ಕರೆ ಇಳಿಯುತ್ತದೆ ಅಂತ ಇದರಿಂದ ಹೇಳಲು ಬರುವುದಿಲ್ಲ. ಹಣ ಕೊಟ್ಟವರಲ್ಲಿ ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿಯೂ ಇತ್ತು ಅನ್ನುವುದು ನೆನಪಿರಲಿ. ಅಕ್ಕ ಹೇಳಿದ ರೇಟಿನಲ್ಲಿ ದಿನಾ 150 ಗ್ರಾಂ ಅಂದರೆ ಒಬ್ಬರಿಗೇ ತಿಂಗಳಿಗೆ 10 ಸಾವಿರ ದಾಟುತ್ತದೆ.

ವಿಟಮಿನ್ ಸಿ ಬೇಕು ಅಂದರೆ ಬ್ಲೂಬೆರಿಯ ಕಡೆ ನೋಡಲೇಬೇಡಿ. 100 ಗ್ರಾಂನಲ್ಲಿ ಸುಮಾರು 10 ಮಿಲಿಗ್ರಾಂ. ಹಿತ್ತಲ ಪೇರಲೆಯಲ್ಲಿ 200 ದಾಟುತ್ತದೆ, ನೆಲ್ಲಿಕಾಯಿಯೂ ಕಡಿಮೆ ಇಲ್ಲ.

ದೀವಗಿ ಸೇತುವೆ

ಇದಕ್ಕೆಲ್ಲ ಇಷ್ಟು ತಲೆಕೆಡಿಸಿಕೊಳ್ಳೋದು ಯಾಕೆ ಮಾರಾಯ್ರೆ? ನಮ್ಮ ಹಿರಿಯರು ತಿಂದದ್ದೆಲ್ಲ ಸೂಪರ್‌ಫುಡ್ಡೇ. ನೇರಳೆ ಬೀಜ ಒಣಗಿಸಿ ಪುಡಿ ಮಾಡಿ ದಿನಾ ಒಂದು ಚಮಚ ಕೊಡಿ, ಅತ್ತೆಯ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ. ಮಾತ್ರೆ ಬೇಕಾಗಿಲ್ಲ.

ಔಷಧಿ ಅಂಗಡಿ, ಕುಮಟಾ

ದಯವಿಟ್ಟು ಹೀಗೆ ಬರೆಯಬೇಡಿ. ಮಾತ್ರೆ ಬಿಟ್ಟು ಬೀಜದ ಪುಡಿ ನಂಬಿದವರು ಸಕ್ಕರೆ ನೆತ್ತಿಗೇರಿಸಿಕೊಂಡು ಆಸ್ಪತ್ರೆ ಸೇರಿದ್ದನ್ನು ನೋಡಿದ್ದೇನೆ. ನೇರಳೆ ಬೀಜದಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಹಣ್ಣು ತಿನ್ನಲಿ, ಒಳ್ಳೆಯದು. ಮಾತ್ರೆಯೂ ನಡೆಯಲಿ. ಅಮೆರಿಕದವರು ಬ್ಲೂಬೆರಿಗೆ ಹೇಳುವ ಸುಳ್ಳನ್ನು ನಾವು ನೇರಳೆಗೆ ಹೇಳಿದರೆ ಅದು ಸತ್ಯ ಆಗುತ್ತದಾ?

ಇನ್ನೊಂದು. ಕಿಡ್ನಿ ತೊಂದರೆ ಇದ್ದವರು ಧಾರೆಹುಳಿ (ಸ್ಟಾರ್ ಫ್ರೂಟ್) ತಿನ್ನಲೇಬಾರದು, ಅದರಲ್ಲಿರುವ ವಿಷ ಹೊರಹೋಗದೆ ಮಿದುಳಿಗೆ ತೊಂದರೆ ಮಾಡುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಕಿಡ್ನಿಗೂ ಪೆಟ್ಟು ಬಿದ್ದಿರಬಹುದು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಒಮ್ಮೆ ನೋಡಿಸಿ. ಮನೆ ಹಿತ್ತಲಿನದ್ದು ಅಂದ ಮಾತ್ರಕ್ಕೆ ಎಲ್ಲರಿಗೂ ಆಗುವುದಿಲ್ಲ.

ಸಿದ್ದಾಪುರ ಭಾವ

ಅಕ್ಕ, ಆ ಡಬ್ಬಿಯಲ್ಲಿ ಗಾರ್ಸಿನಿಯಾ ಅಂತ ಇದೆಯಲ್ಲ, ಹೆಚ್ಚಾಗಿ ಅದು ನಮ್ಮ ಉಪ್ಪಾಗೆ, ಮುರುಗಲಿನ ಬಳಗದ್ದೇ ಹುಳಿ ಹಣ್ಣು! ನಮ್ಮ ಬೆಟ್ಟದಲ್ಲೇ ಆಯ್ದು, ಮಳೆಗಾಲದಲ್ಲಿ ಬಿಸಿಲಿಲ್ಲದೆ ಕಟ್ಟಿಗೆ ಉರಿಯ ಮೇಲೆ ಒಣಗಿಸಿ, ಕಣ್ಣು ಕೆಂಪು ಮಾಡಿಕೊಂಡು ಮಾರಿದ್ದೇವೆ. ಅದರ ಹುಳಿಯನ್ನು ತೂಕ ಇಳಿಸುವ ಮಾತ್ರೆ ಮಾಡಿ ಹೊರದೇಶದಲ್ಲಿ ಮಾರಿದರು. 1998ರಲ್ಲೇ ಅಮೆರಿಕದಲ್ಲಿ 12 ವಾರ ಪರೀಕ್ಷೆ ಮಾಡಿ, ತೂಕ ಇಳಿಸಲು ಅದರಿಂದ ಪ್ರಯೋಜನ ಕಾಣಲಿಲ್ಲ ಅಂತ ಬರೆದರು. ಆದರೂ ಮಾರಾಟ ನಿಂತಿಲ್ಲ. ರೇಟು ಏರಿದಾಗ ಹಣ್ಣು ಬಲಿಯುವ ಮೊದಲೇ ಕೊಂಬೆ ಸಮೇತ ಕಡಿದವರೂ ಇದ್ದಾರೆ. ಈಗ ಅದೇ ಉಪ್ಪಾಗೆ ಕ್ಯಾಪ್ಸೂಲಿನೊಳಗೆ ಕೂತು ಶಿರಸಿಗೇ ವಾಪಸ್ ಬಂದಿದೆ ನೋಡಿ.

ಬ್ಲೂಬೆರಿ ಇಲ್ಲಿ ಬೆಳೆಯುತ್ತದಾ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ಅದಕ್ಕೆ ಹುಳಿ ಮಣ್ಣು ಬೇಕು, ನಮ್ಮದು ಸುಮಾರಾಗಿ ಹಾಗೇ ಇದೆ. ಆದರೆ ಚಳಿಗಾಲದಲ್ಲಿ ನೂರಾರು ಗಂಟೆ ಒಳ್ಳೆಯ ಚಳಿಯೂ ಬೇಕು, ಅದು ಇಲ್ಲಿ ಎಲ್ಲಿದೆ? ಚಳಿ ಕಡಿಮೆ ಸಾಕಾಗುವ ತಳಿ ಬಂದಿವೆ, ಆದರೂ ನಮ್ಮ ಮಳೆಗೆ ಬೇರು ಕೊಳೆಯುತ್ತದೆ ಅನ್ನುವುದು ನನ್ನ ಅಂದಾಜು. ದುಡ್ಡು ಹಾಕುವ ಮೊದಲು ನೂರು ಸಲ ಯೋಚನೆ ಮಾಡಿ.

ಕುತೂಹಲದ ಸಂಗತಿ ಹೇಳುತ್ತೇನೆ. ಬ್ಲೂಬೆರಿಯೂ ಮೊದಲು ಕಾಡುಹಣ್ಣೇ. ಅಮೆರಿಕದ ನ್ಯೂಜೆರ್ಸಿಯಲ್ಲಿ ಎಲಿಜಬೆತ್ ವೈಟ್ ಅನ್ನುವ ಹೆಂಗಸು, ದೊಡ್ಡ ಹಣ್ಣು ಬಿಡುವ ಕಾಡುಗಿಡ ತೋರಿಸಿಕೊಟ್ಟವರಿಗೆ ದುಡ್ಡು ಕೊಡುತ್ತಿದ್ದರಂತೆ. ಆ ಗಿಡಗಳನ್ನು ಫ್ರೆಡರಿಕ್ ಕೊವಿಲ್ ಅನ್ನುವ ಸಸ್ಯವಿಜ್ಞಾನಿ ಜೊತೆ ಸೇರಿ ಬೆಳೆಸಿ, 1916ರಲ್ಲಿ ಮೊದಲ ಬೆಳೆ ಮಾರಿದರು. ನಮ್ಮ ಮುರುಗಲಿಗೆ ಇಂಥ ಕೆಲಸ ಆಗಿರುವುದು ಕಡಿಮೆ. ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದವರು ಕೊಂಕಣ ಅಮೃತಾ ಅಂತ ತಳಿ ಕೊಟ್ಟಿದ್ದಾರೆ, ಅಷ್ಟೇ ನನಗೆ ಸಿಕ್ಕಿದ್ದು. ಬೀಜದ ಸಸಿ ನೆಟ್ಟರೆ ಅರ್ಧಕ್ಕರ್ಧ ಗಂಡು ಮರ ಆಗುತ್ತದೆ, ಹೂ ಬಿಡುವವರೆಗೆ ಗೊತ್ತೂ ಆಗುವುದಿಲ್ಲ, ಅಷ್ಟರಲ್ಲಿ ಆರೇಳು ವರ್ಷ ಹೋಗಿರುತ್ತದೆ. ನೆಡುವುದಾದರೆ ಹೆಣ್ಣು ಮರದ ಕಸಿ ಗಿಡವನ್ನೇ ನೆಡಿ.

ಶಿರಸಿ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಕ್ಯಾಪ್ಸೂಲ್ ಕಪಾಟಿನ ಮೇಲೆ ಹೋಯಿತು, ಮಗಳಿಗೆ ಫಿನ್‌ಲೆಂಡ್ ಕಥೆ ಕಳಿಸಿದ್ದೇನೆ, ನೀಲಿ ಗೀಟು ಬಂದಿದೆ, ಉತ್ತರ ಬಂದಿಲ್ಲ. 😀

ಇನ್ನೆರಡು ಕೇಳಲಾ? ಮುರುಗಲು ಶರಬತ್ತು ಅತ್ತೆಗೆ ಕೊಡಬಹುದಾ? ನಮ್ಮ ಬೆಟ್ಟದಲ್ಲಿ ಬಿಳಿ ಮುರುಗಲೂ ಇದೆ, ಅದರಲ್ಲೂ ಇದೆಲ್ಲ ಇರುತ್ತದಾ?

ಬೈತಖೋಲ್ ಹುಡುಗಿ

ಶರಬತ್ತು ಬೇಡ ಅಕ್ಕ. ಸಿಪ್ಪೆಗೆ ಸಮಸಮ ಸಕ್ಕರೆ ಹಾಕಿ ಬಿಸಿಲಿಗಿಟ್ಟು ತೆಗೆದ ರಸ ಅದು, ಕೆಲವರು ಇನ್ನೂ ಜಾಸ್ತಿ ಹಾಕುತ್ತಾರೆ. ಒಂದು ಲೋಟಕ್ಕೆ ಮೂರು ನಾಲ್ಕು ಚಮಚ ಸಕ್ಕರೆ ಸುಲಭವಾಗಿ ಹೋಗುತ್ತದೆ. ಒಣ ಸಿಪ್ಪೆ ನೆನೆಸಿ ಸಾರು ಮಾಡಿ, ಬೆಲ್ಲ ಹಾಕಬೇಡಿ. ಇಲ್ಲವಾದರೆ ನಮ್ಮ ಕಡೆಯ ಸೋಲ್‌ಕಡಿ ಮಾಡಿ. ಸಿಪ್ಪೆ ನೆನೆಸಿದ ನೀರಿಗೆ ತೆಂಗಿನಹಾಲು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು. ನಮ್ಮಲ್ಲಿ ಮೀನೂಟದ ಕೊನೆಗೆ ಇದಿಲ್ಲದಿದ್ದರೆ ಊಟ ಮುಗಿದ ಹಾಗೇ ಅಲ್ಲ, ನೀವು ಅನ್ನಕ್ಕೆ ಕಲಸಿಕೊಳ್ಳಿ. ಬೆಳ್ಳುಳ್ಳಿ ತಿನ್ನದ ಮನೆ ಆದರೆ ಜೀರಿಗೆ ಸಾಕು. ಪೇಟೆಯಿಂದ ತಂದ ಒಣ ಸಿಪ್ಪೆಗೆ ಉಪ್ಪು ಹಚ್ಚಿರುತ್ತಾರೆ, ಮಾವನಿಗೆ ಬಿಪಿ ಇದೆಯಲ್ಲ, ತೊಳೆದು ಬಳಸಿ, ಬೇರೆ ಉಪ್ಪು ಹಾಕಬೇಡಿ.

ಬಿಳಿ ಮುರುಗಲಿನಲ್ಲಿ ಆ ಕೆಂಪು ಇಲ್ಲ, ಹಾಗಾಗಿ ಆಂಥೋಸಯನಿನ್ ಲೆಕ್ಕಕ್ಕೆ ಅದು ಬರುವುದಿಲ್ಲ. ಹುಳಿಗೆ ಚೆನ್ನಾಗಿರುತ್ತದೆ, ಅಡುಗೆಗೆ ಬಳಸಿ.

ನೇರಳೆ ಸಿಗುವ ಕಾಲದಲ್ಲಿ ಜಾಸ್ತಿ ತಂದು, ತೊಳೆದು, ಬಟ್ಟೆಯಲ್ಲಿ ಒರೆಸಿ, ಫ್ರೀಜರ್‌ನಲ್ಲಿ ಡಬ್ಬಿಯಲ್ಲಿ ಇಡಿ. ತಣ್ಣಗೆ ಕತ್ತಲಲ್ಲಿದ್ದರೆ ಬಣ್ಣ ಹೆಚ್ಚು ಹಾಳಾಗುವುದಿಲ್ಲ. ಬೆಳಕಿಗೆ, ಬಿಸಿಗೆ ಇಟ್ಟರೆ ಹೋಗುತ್ತದೆ, ಹಳೆಯ ಶರಬತ್ತು ಕಂದು ಬಣ್ಣಕ್ಕೆ ತಿರುಗುವುದು ಅದಕ್ಕೇ. ಒಂದು ಸಲಕ್ಕೆ ಒಂದು ಹಿಡಿ ಸಾಕು, ಅದರಲ್ಲೂ ಸಕ್ಕರೆ ಅಂಶ ಇದೆ. ಮಗಳು ಒಣ ಬ್ಲೂಬೆರಿ ಕಳಿಸುತ್ತೇನೆ ಅಂದರೆ ಪ್ಯಾಕೆಟ್ ಹಿಂದೆ ಓದಲು ಹೇಳಿ, ಹೆಚ್ಚಿನವುಗಳಿಗೆ ಸಕ್ಕರೆ ಪಾಕ ಕುಡಿಸಿರುತ್ತಾರೆ.