‘ಅನ್‌ಪ್ಲಗ್ ರಿಕ್ವೆಸ್ಟ್’ಗೆ ಕನ್ನಡದಲ್ಲಿ ಏನನ್ನೋಣ: ಕಳಚು, ಕೀಳು, ಬಿಡಿಸು?

ಪ್ರಶ್ನೆ, ಕಾರವಾರದಿಂದ

ಬಳಗದ ಎಲ್ಲರಿಗೂ ನಮಸ್ಕಾರ. ಇಲ್ಲಿನ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮಷೀನ್) ಓಡಿಸುವ ಕ್ಯೂಎಮು ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ಲ್ಯಾಬ್ ಟಿಪ್ಪಣಿ ಸಿದ್ಧವಾಗುತ್ತಿದೆ. ಓಡುತ್ತಿರುವ ವರ್ಚುವಲ್ ಮಷೀನಿನಿಂದ ಡಿಸ್ಕನ್ನೋ ನೆಟ್‌ವರ್ಕ್ ಕಾರ್ಡನ್ನೋ ಹೊರತೆಗೆಯುವ ‘ಹಾಟ್ ಅನ್‌ಪ್ಲಗ್ ರಿಕ್ವೆಸ್ಟ್’ ಬಳಿ ಕೆಲಸ ನಿಂತಿದೆ. ಕರಡಿನಲ್ಲಿ ‘ಬಿಸಿ ಬಿಡಿಸುವಿಕೆಯ ವಿನಂತಿ’ ಎಂದಿದೆ. ಓದಿದವರಿಗೆ ಏನೂ ಹೊಳೆಯುವುದಿಲ್ಲ. ಸಾಧನ ಹೊರತೆಗೆಯಲು ಕೊಡುವ ಡಿವೈಸ್_ಡೆಲ್ ಆಜ್ಞೆಯ ಮುಂದೆ ‘ಸಾಧನ ಕಳಚಿದೆ’ ಎಂದು ಬರೆದಿದೆ. ಇದಾದರೂ ಸರಿಯೇ? ಕೆಲವರು ‘ಕಿತ್ತುಹಾಕು’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ ಎನ್ನುತ್ತಾರೆ. ತಿಳಿದವರು ಹೇಳಬೇಕು.

ಉತ್ತರ, ಶಿರಸಿಯಿಂದ

ನಮಸ್ಕಾರ. ‘ಬಿಸಿ’ಯನ್ನು ಮೊದಲು ಬಿಟ್ಟುಬಿಡಿ. ಇಲ್ಲಿ ‘ಹಾಟ್’ ಎಂದರೆ ಯಂತ್ರವನ್ನು ನಿಲ್ಲಿಸದೆ ಎಂದಷ್ಟೇ ಅರ್ಥ. ಪಂಪ್‌ಸೆಟ್ಟಿಗೂ ಹಿಟ್ಟಿನ ಗಿರಣಿಗೂ ನಾವು ‘ಚಾಲೂ ಇದೆ’ ಎನ್ನುತ್ತೇವಲ್ಲ, ಹಾಗೆಯೇ ‘ಚಾಲೂ ಇರುವಾಗಲೇ’ ಎಂದರೆ ಸಾಕು.

‘ಬಿಡಿಸು’ ಒಳ್ಳೆಯ ಪದವೇ, ಆದರೆ ಅದರ ಹೆಗಲ ಮೇಲೆ ಈಗಾಗಲೇ ತುಂಬ ಹೊರೆಯಿದೆ. ಹಲಸಿನ ಸೊಳೆ ಬಿಡಿಸುತ್ತೇವೆ, ಹೂ ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಚಿತ್ರ ಬಿಡಿಸುತ್ತೇವೆ, ಜಗಳವನ್ನೂ ಬಿಡಿಸುತ್ತೇವೆ. ಅದೇ ಟಿಪ್ಪಣಿಯಲ್ಲಿ ನಾಲ್ಕು ಸಾಲು ಕೆಳಗೆ ‘ಸಮಸ್ಯೆ ಬಿಡಿಸಿ’ ಎಂದು ಬಂದರೆ ಗೊಂದಲ ಖಂಡಿತ. ‘ಕಳಚು’ ಹಾಗಲ್ಲ. ಕೊಂಡಿ ಕಳಚುವುದು, ಯಕ್ಷಗಾನದ ಚೌಕಿಯಲ್ಲಿ ವೇಷಧಾರಿ ಕಿರೀಟ ಕಳಚಿಡುವುದು, ಹೀಗೆ ಸಿಕ್ಕಿಸಿದ್ದನ್ನು ಕೆಡದಂತೆ ಬೇರೆ ಮಾಡುವುದಕ್ಕೇ ಆ ಪದ. ಮತ್ತೆ ಸಿಕ್ಕಿಸಬಹುದು ಎಂಬ ಅರ್ಥವೂ ಅದರೊಳಗೇ ಇದೆ. ‘ಪ್ಲಗ್’ಗೆ ‘ಜೋಡಿಸು’, ‘ಅನ್‌ಪ್ಲಗ್’ಗೆ ‘ಕಳಚು’ ಎಂದು ಇಟ್ಟುಕೊಳ್ಳಿ.

‘ಕೀಳು’ ಪದವನ್ನು ಎಸೆಯಬೇಡಿ, ಅದಕ್ಕೆ ಬೇರೆ ಕಡೆ ಕೆಲಸವಿದೆ. ಗೆಸ್ಟನ್ನು (ವರ್ಚುವಲ್ ಮಷೀನಿನೊಳಗೆ ಓಡುವ ವ್ಯವಸ್ಥೆಯನ್ನು) ಕೇಳದೆಯೇ ಸಾಧನ ಹೋಗಿಬಿಡುವ ಸಂದರ್ಭಗಳುಂಟು. ಯುಎಸ್‌ಬಿ ಸಾಧನಕ್ಕೆ ಡಿವೈಸ್_ಡೆಲ್ ಕೊಟ್ಟರೆ ಅದು ಆ ಕ್ಷಣವೇ ಇಲ್ಲವಾಗುತ್ತದೆ. ವರ್ಟಿಯೋ-ಸ್ಕಸಿ ಎಂಬ ವರ್ಚುವಲ್ ಡಿಸ್ಕ್ ಕಂಟ್ರೋಲರಿನ ಕೆಳಗಿನ ಡಿಸ್ಕಿನದೂ ಅದೇ ಕಥೆ: ಗೆಸ್ಟಿಗೆ ವಿಷಯ ಮುಟ್ಟುತ್ತದೆ, ಒಪ್ಪಿಗೆಗೆ ಯಾರೂ ಕಾಯುವುದಿಲ್ಲ. ಗೋಡೆಯಿಂದ ಪ್ಲಗ್ ಕಿತ್ತ ಹಾಗೆ. ಅಲ್ಲಿ ‘ಕೀಳು’ ಎನ್ನಿ. ಪಿಸಿಐ ಸಾಧನ (ಮದರ್‌ಬೋರ್ಡಿನ ಸ್ಲಾಟಿಗೆ ಸಿಕ್ಕಿಸುವಂಥದ್ದು) ಹಾಗಲ್ಲ, ಅಲ್ಲಿ ಕೇಳಿ ಕಳಚಬೇಕು. ಕ್ಯೂಎಮುವಿನ ಕೋಡ್ ಬರೆದವರು ಈ ಭೇದವನ್ನು ಹೆಸರಿನಲ್ಲೇ ಇಟ್ಟಿದ್ದಾರೆ. ಹಾಟ್‌ಪ್ಲಗ್ ಹ್ಯಾಂಡ್ಲರಿನಲ್ಲಿ ‘ಅನ್‌ಪ್ಲಗ್_ರಿಕ್ವೆಸ್ಟ್’ ಒಂದು ಫಂಕ್ಷನ್, ‘ಅನ್‌ಪ್ಲಗ್’ ಇನ್ನೊಂದು. ಕನ್ನಡದಲ್ಲಿ ಎರಡನ್ನೂ ಒಂದೇ ಪದಕ್ಕೆ ಸೇರಿಸಿದರೆ ಅವರು ಬಿಡಿಸಿಟ್ಟದ್ದನ್ನು ನಾವು ಗಂಟು ಹಾಕಿದಂತೆ.

ಈಗ ‘ಸಾಧನ ಕಳಚಿದೆ’ ಎಂಬ ಸಾಲಿಗೆ ಬರೋಣ. ನಿಜವಾದ ತೊಡಕು ಇರುವುದು ಇಲ್ಲೇ. ‘ಕಳಚು’ ಸಕರ್ಮಕವೂ ಹೌದು, ಅಕರ್ಮಕವೂ ಹೌದು. ಆದ್ದರಿಂದ ‘ಕಳಚಿದೆ’ ಎಂದರೆ ‘ನಾನು ಕಳಚಿದೆ’ ಎಂದೂ ಆಗುತ್ತದೆ, ‘ಅದು ಕಳಚಿಹೋಗಿದೆ’ ಎಂದೂ ಆಗುತ್ತದೆ. ಪಿಸಿಐ ಸಾಧನಕ್ಕೆ ಡಿವೈಸ್_ಡೆಲ್ ಕೊಟ್ಟ ಹೊತ್ತಿಗೆ ಎರಡೂ ಸುಳ್ಳು. ಆಗ ಆಗಿರುವುದು ಕೇಳಿದ್ದು ಮಾತ್ರ.

ಐ440ಎಫ್‌ಎಕ್ಸ್ ಎಂಬ ಹಳೆಯ ಪಿಸಿ ಮಾದರಿಯ ಮಷೀನಿನಲ್ಲಿ ಏನಾಗುತ್ತದೆ ನೋಡಿ. ಆಜ್ಞೆ ಕೊಟ್ಟೊಡನೆ ಪ್ರಾಂಪ್ಟ್ ತಿರುಗಿ ಬರುತ್ತದೆ. ಒಳಗೆ, ಎಇ04 ಎಂಬ ಪೋರ್ಟಿನಲ್ಲಿ ಆ ಸ್ಲಾಟಿನ ಬಿಟ್ ಏರುತ್ತದೆ, ಎಸಿಪಿಐ (ಯಂತ್ರಾಂಶದ ಸುದ್ದಿಯನ್ನು ಕರ್ನೆಲ್ಲಿಗೆ ಮುಟ್ಟಿಸುವ ಏರ್ಪಾಡು) ಮೂಲಕ ಗೆಸ್ಟಿಗೆ ಕರೆ ಹೋಗುತ್ತದೆ, ಮತ್ತು ಗೆಸ್ಟಿನ ಎಸಿಪಿಐ ಕೋಡ್ ಆ ಸಾಧನದ ಮೇಲೆ 3 ಎಂಬ ನೋಟಿಫೈ (‘ಹೊರತೆಗೆಯಲು ಕೋರಿಕೆ’ ಎಂಬ ಸೂಚನೆ) ಕೊಡುತ್ತದೆ. ಗೆಸ್ಟಿನ ಕರ್ನೆಲ್ ಡ್ರೈವರನ್ನು ಸಾಧನದಿಂದ ಬೇರೆ ಮಾಡಿ, ಕೊನೆಗೆ ಸಾಧನ ಹೊರಹಾಕುವ ಇಜೆ0 ಮೆಥಡ್ ಓಡಿಸುತ್ತದೆ. ಅದು ಎಇ08 ಪೋರ್ಟಿಗೆ ಬರೆಯುತ್ತದೆ. ಕ್ಯೂಎಮು ಸಾಧನವನ್ನು ತೆಗೆಯುವುದು ಆ ಬರಹ ಬಂದ ಮೇಲೆಯೇ, ಡಿವೈಸ್_ಡಿಲೀಟೆಡ್ ಎಂಬ ಈವೆಂಟ್ ಹೊರಡುವುದೂ ಆಮೇಲೆಯೇ. ಕೇಳುವುದಕ್ಕೆ ಒಂದು ಪೋರ್ಟ್, ಕಳಚುವುದಕ್ಕೆ ಇನ್ನೊಂದು. ಯಂತ್ರವೇ ಎರಡು ಜಾಗ ಇಟ್ಟಿರುವಾಗ ನಮ್ಮಲ್ಲಿ ಎರಡು ಮಾತು ಬೇಡವೇ?

ಅಡಿಕೆ ಕೊನೆಕೊಯ್ಲು (ಗೊನೆ ಕೊಯ್ಯುವುದು) ಕಂಡವರಿಗೆ ಇದು ಬೇಗ ಹಿಡಿಯುತ್ತದೆ. ಕೆಳಗಿನವ ಹಗ್ಗ ಬಿಗಿಹಿಡಿದು ‘ಹೂಂ’ ಎನ್ನದೆ ಮರದ ಮೇಲಿನವ ಕೊನೆಯನ್ನು ಹಗ್ಗಕ್ಕೆ ಬಿಡುವುದಿಲ್ಲ. ಕೂಗಿದ್ದೇ ಕೊನೆ ಇಳಿದಂತೆ ಎಂದು ಯಾರೂ ಎಣಿಸುವುದಿಲ್ಲ.

ಪಿಸಿಐಇ (ಪಿಸಿಐನ ಹೊಸ ರೂಪ) ರೂಟ್ ಪೋರ್ಟಿನ ಸ್ವಂತ ವಿಧಾನದಲ್ಲಿ ‘ಕೋರಿಕೆ’ ಇನ್ನೂ ಸ್ಪಷ್ಟ. ಅಲ್ಲಿ ಡಿವೈಸ್_ಡೆಲ್ ಎಂದರೆ ಅಟೆನ್ಶನ್ ಬಟನ್ ಒತ್ತಿದಂತೆ. ಗೆಸ್ಟ್ 5 ಸೆಕೆಂಡು ಪವರ್ ದೀಪ ಮಿನುಗಿಸುತ್ತ ಕಾಯುತ್ತದೆ. ಆ ನಡುವೆ ಬಟನ್ ಇನ್ನೊಮ್ಮೆ ಒತ್ತಿದರೆ ಕೋರಿಕೆ ರದ್ದು. ಹಿಂಪಡೆಯಬಹುದಾದ್ದಕ್ಕೆ ‘ಆದೇಶ’, ‘ಅಪ್ಪಣೆ’ ಹೊಂದುವುದಿಲ್ಲ. ‘ಕೆಲಸ ಆಗಲಿಲ್ಲ’ ಎಂದು ಅವಸರದಲ್ಲಿ ಎರಡನೇ ಸಲ ಕಳಚಲು ಹೋಗಬೇಡಿ ಎಂದು ಟಿಪ್ಪಣಿಯಲ್ಲಿ ಬರೆಯಲೇಬೇಕು.

‘ಕಳಚಿದೆ’ ನಂಬಿದ ವಿದ್ಯಾರ್ಥಿ ಮುಂದೆ ಏನು ಮಾಡುತ್ತಾನೆ? ಕೂಡಲೇ, ಡಿಸ್ಕಿನ ಹಿಂದಿರುವ ಸಂಗ್ರಹದ ನೋಡನ್ನು ಅಳಿಸುವ ಬ್ಲಾಕ್‌ಡೆವ್-ಡೆಲ್ ಕೊಡುತ್ತಾನೆ. ಆ ನೋಡ್ ಬಳಕೆಯಲ್ಲಿದೆ ಎಂಬ ತಕರಾರು ಬರುತ್ತದೆ. ಅದೇ ಐಡಿಯಿಂದ ಹೊಸ ಸಾಧನ ಜೋಡಿಸಲು ಹೋದರೆ ಐಡಿ ಆಗಲೇ ಇದೆ ಎನ್ನುತ್ತದೆ. ಆತ ಹುಡುಕುವುದು ಆಜ್ಞೆಯಲ್ಲಿ ತಪ್ಪೆಲ್ಲಿದೆ ಎಂದು. ತಪ್ಪು ಆಜ್ಞೆಯಲ್ಲಿಲ್ಲ, ನಮ್ಮ ವಾಕ್ಯದಲ್ಲಿದೆ.

ಹಾಗಾಗಿ ಆಜ್ಞೆಯ ಮುಂದೆ ‘ಕಳಚಲು ಕೋರಲಾಗಿದೆ’, ಈವೆಂಟಿನ ಮುಂದೆ ‘ಕಳಚಿಕೊಂಡಿತು’ ಎಂದು ನನ್ನ ಸಲಹೆ. ಲಿಬ್‌ವರ್ಟ್‌ನಲ್ಲಿ (ವರ್ಚುವಲ್ ಮಷೀನುಗಳನ್ನು ನಿರ್ವಹಿಸುವ ತಂತ್ರಾಂಶ) --ಕಾನ್ಫಿಗ್ ಕೊಟ್ಟು ಕಡತದಿಂದ ಸಾಧನದ ನಮೂದನ್ನು ಅಳಿಸುವುದಕ್ಕೆ ‘ತೆಗೆದುಹಾಕು’ ಇರಲಿ. ಅಲ್ಲಿ ಕಳಚುವುದಕ್ಕೆ ಏನೂ ಇಲ್ಲ.

ಇನ್ನೊಂದು: ‘ಅತಿಥಿ’, ‘ಆತಿಥೇಯ’ ಬಳಸಬೇಡಿ. ಪ್ರತಿ ಸಾಲಿನಲ್ಲೂ ಒಂದರ ಬದಲು ಇನ್ನೊಂದು ಓದಿಹೋಗುತ್ತದೆ. ಗೆಸ್ಟ್, ಹೋಸ್ಟ್ ಎಂದೇ ಇರಲಿ.

ಮರುಮಾತು, ಕುಮಟಾದಿಂದ

ಶಿರಸಿಯವರ ಮಾತಿಗೆ ಬಹುಪಾಲು ಒಪ್ಪಿಗೆ. ‘ಕಳಚಿಕೊಂಡಿತು’ ಮಾತ್ರ ಬೇಡ ಎನ್ನಿಸುತ್ತದೆ. ಚಪ್ಪಲಿಯ ಉಂಗುಷ್ಠ ಕಳಚಿಕೊಂಡಿತು, ಬೋಟಿನ ಹಗ್ಗ ಕಳಚಿಕೊಂಡಿತು ಎಂದರೆ ಯಾರೂ ಬಯಸದೆ ತಾನಾಗಿ ಆದದ್ದು. ಇಲ್ಲಿ ಗೆಸ್ಟ್ ಗೊತ್ತಿದ್ದೇ ಬಿಟ್ಟುಕೊಟ್ಟಿದೆ. ‘ಉಂಡು ಆಯ್ತು’, ‘ಬರೆದು ಆಯ್ತು’ ಎನ್ನುವ ಹಾಗೆ ‘ಸಾಧನ ಕಳಚಿ ಆಯಿತು’ ಎಂದರೆ ಕೆಲಸ ಪೂರ್ತಿ ಮುಗಿದದ್ದು ಕಿವಿಗೇ ತಿಳಿಯುತ್ತದೆ.

‘ಕೋರಿಕೆ’, ‘ಒಪ್ಪಿಗೆ’ ಎಂದಾಗ ಒಂದು ಅಪಾಯವೂ ಉಂಟು. ಗೆಸ್ಟ್ ಎಲ್ಲವನ್ನೂ ನೋಡಿಯೇ ಒಪ್ಪುತ್ತದೆ ಎಂಬ ಭರವಸೆ ಹುಟ್ಟುತ್ತದೆ. ಮೆಮೊರಿಯ ವಿಷಯದಲ್ಲಿ ಅದು ನಿಜ: ಜರುಗಿಸಲಾಗದ ಪುಟಗಳಿದ್ದರೆ ಲಿನಕ್ಸ್ ಬಿಟ್ಟುಕೊಡುವುದಿಲ್ಲ. ವರ್ಟಿಯೋ ಬ್ಲಾಕ್ ಡಿಸ್ಕ್ ಹಾಗಲ್ಲ, ಮೌಂಟ್ ಆಗಿದ್ದರೂ ಲಿನಕ್ಸ್ ತಡೆಯುವುದಿಲ್ಲ. ಡ್ರೈವರ್ ಹೊರಟುಹೋಗುತ್ತದೆ, ಫೈಲ್ ಸಿಸ್ಟಮಿಗೆ ಐ/ಓ ಎರರ್‌ಗಳ ಸುರಿಮಳೆ. ಅದಕ್ಕೇ ಕಳಚಲು ಕೋರುವ ಮೊದಲು ಗೆಸ್ಟಿನೊಳಗೆ ಅನ್‌ಮೌಂಟ್, ಸ್ವಾಪ್ ಇದ್ದರೆ ಸ್ವಾಪ್‌ಆಫ್, ಎಲ್‌ವಿಎಮ್ (ಡಿಸ್ಕ್ ಜಾಗವನ್ನು ಗುಂಪು ಮಾಡಿ ಹಂಚುವ ವ್ಯವಸ್ಥೆ) ಇದ್ದರೆ ಆ ವಾಲ್ಯೂಮ್ ಗ್ರೂಪನ್ನು ನಿಷ್ಕ್ರಿಯಗೊಳಿಸುವುದು. ಈ ಸಾಲುಗಳು ಆಜ್ಞೆಗಿಂತ ಮೇಲೆ ಬರಲಿ, ಕೆಳಗಲ್ಲ.

ಉಳಿದದ್ದು ವೈಫಲ್ಯದ ಸಂದೇಶ. ಕ್ಯೂಎಮು 6.2ರಿಂದ ಡಿವೈಸ್_ಅನ್‌ಪ್ಲಗ್_ಗೆಸ್ಟ್_ಎರರ್ ಎಂಬ ಈವೆಂಟ್ ಇದೆ. ‘ಕಳಚಲಾಗಲಿಲ್ಲ’ ಎಂದರೆ ಯಾರು ಕಳಚಲಿಲ್ಲ ಎಂಬುದು ಮರೆಯಾಗುತ್ತದೆ. ‘ಗೆಸ್ಟ್ ಕಳಚಿಕೊಡಲಿಲ್ಲ’ ಎಂದು ಬರೆಯಿರಿ, ಹುಡುಕುವವರು ನೇರವಾಗಿ ಗೆಸ್ಟಿನ ಲಾಗ್ ತೆರೆಯುತ್ತಾರೆ. ಎರಡೂ ಈವೆಂಟ್ ಬಾರದ ಸ್ಥಿತಿಗೆ ಇನ್ನೊಂದು ಸಾಲು ಬೇಕು. ಗೆಸ್ಟ್ ಇನ್ನೂ ಬೂಟ್ ಆಗುವ ಮೊದಲಿನ ಗ್ರಬ್ ಮೆನುವಿನಲ್ಲಿ ನಿಂತಿರಬಹುದು, ವಿರಾಮ ಸ್ಥಿತಿಯಲ್ಲಿರಬಹುದು, ಹಳೆಯ ಕರ್ನೆಲ್ಲಿನಲ್ಲಿ ಈ ಕೋರಿಕೆಯನ್ನು ಕೇಳಿಸಿಕೊಳ್ಳುವ ಎಸಿಪಿಐಪಿಎಚ್‌ಪಿ ಮಾಡ್ಯೂಲ್ ಇಲ್ಲದಿರಬಹುದು. ಕೋರಿಕೆ ಆಗ ಸತ್ತಿಲ್ಲ, ಬಾಕಿ ಇದೆ. ಗೆಸ್ಟ್ ರೀಸೆಟ್ ಆದಾಗ ಬಾಕಿ ಇದ್ದ ಕಳಚುವಿಕೆ ತಾನಾಗಿ ಪೂರೈಸುತ್ತದೆ. ‘ವಿಫಲ’ ಎಂದು ಬರೆದಿದ್ದರೆ, ರೀಸೆಟ್ ಆದ ಮೇಲೆ ಡಿಸ್ಕ್ ಕಾಣದೆ ವಿದ್ಯಾರ್ಥಿ ಗಾಬರಿಯಾಗುತ್ತಾನೆ. ಅಲ್ಲಿ ‘ಗೆಸ್ಟಿನಿಂದ ಉತ್ತರ ಬಂದಿಲ್ಲ, ಕೋರಿಕೆ ಬಾಕಿ ಇದೆ’ ಎಂದೇ ಇರಲಿ.