ಬಂದರಿನಲ್ಲಿ ಸಿಕ್ಕ ನಾಯಿಗೆ ವಯಸ್ಸೆಷ್ಟು?

ಕಾರವಾರದಿಂದ ಕೇಳಿದ್ದು:
ಹೋದ ವಾರ ಜೋರು ಮಳೆಯಲ್ಲಿ ಬೈತಖೋಲ ಬಂದರಿನ ಹತ್ತಿರ ಒಂದು ಹೆಣ್ಣು ನಾಯಿ ಸಿಕ್ಕಿತು. ಕಾಲಿಗೆ ಪೆಟ್ಟಾಗಿತ್ತು, ಮನೆಗೆ ತಂದೆವು. ಮೂತಿ ಬೆಳ್ಳಗಿದೆ, ಮುಂದಿನ ಹಲ್ಲು ಸವೆದಿವೆ. ಹತ್ತು ವರ್ಷವಾದರೂ ಆಗಿರಬೇಕು ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಆದರೆ ಅನ್ನದ ತಟ್ಟೆ ಸದ್ದಾದರೆ ಕುಂಟುತ್ತಲೇ ಓಡಿ ಬರುತ್ತದೆ! ವಯಸ್ಸು ಗೊತ್ತು ಮಾಡುವುದು ಹೇಗೆ? ಮನೆಯಲ್ಲಿ ಆಗಲೇ ‘ಅಜ್ಜಿ’ ಅಂತ ಹೆಸರಿಟ್ಟಾಗಿದೆ.

ಶಿರಸಿಯಿಂದ:
ನಮ್ಮದು ದನ ಕಟ್ಟಿದ ಮನೆ. ದನಕ್ಕಾದರೆ ಹಲ್ಲು ಎಣಿಸಿದರೆ ಆಯಿತು. ಎರಡು ಹಲ್ಲಾದರೆ ಸುಮಾರು ಎರಡು ವರ್ಷ, ಎಂಟೂ ಬಂದರೆ ನಾಲ್ಕೈದು. ಅದೇ ಲೆಕ್ಕ ನಾಯಿಗೂ ಹಾಕಲು ಹೋಗಿ ನಾನು ನಗೆಪಾಟಲಾಗಿದ್ದೇನೆ. ನಾಯಿಮರಿಗೆ 28 ಹಾಲುಹಲ್ಲು, ಸೂಜಿಯ ಹಾಗೆ ಚೂಪು. ಮೂರು ನಾಲ್ಕು ತಿಂಗಳಿಗೆ ಬೀಳಲು ಶುರು. ಏಳು ತಿಂಗಳ ಹೊತ್ತಿಗೆ 42 ಹಲ್ಲೂ ಬಂದು ಮುಗಿದಿರುತ್ತವೆ. ಅಲ್ಲಿವರೆಗೆ ತಿಂಗಳ ಲೆಕ್ಕದಲ್ಲೇ ವಯಸ್ಸು ಹೇಳಬಹುದು. ಆಮೇಲೆ ಎಣಿಸುವುದಕ್ಕೆ ಏನೂ ಉಳಿಯುವುದಿಲ್ಲ, ಸವೆತ ಮತ್ತು ಬಣ್ಣ ನೋಡಬೇಕು ಅಷ್ಟೇ. ಎಳೆ ನಾಯಿಯ ಬಾಚಿಹಲ್ಲಿನ ತುದಿಯಲ್ಲಿ ಮೂರು ಸಣ್ಣ ಮೊನೆ ಇರುತ್ತವೆ. ವರ್ಷ ಕಳೆದಂತೆ ಅವು ಸವೆದು ಮಟ್ಟಸವಾಗುತ್ತವೆ.

ಅಂಕೋಲಾದಿಂದ:
ಸವೆತವನ್ನು ಪೂರ್ತಿ ನಂಬಬೇಡಿ. ನಮ್ಮ ನಾಯಿಗೆ ಚಿರೇಕಲ್ಲು ಕಡಿಯುವ ಚಟ. ಮರಿಯಿಂದ ಸಾಕಿದ್ದು, ಹಾಗಾಗಿ ವಯಸ್ಸು ಗೊತ್ತು. ಮೂರನೇ ವರ್ಷಕ್ಕೇ ಅದರ ಮುಂದಿನ ಹಲ್ಲು ಮುದುಕಿಯ ಹಲ್ಲಿನ ಹಾಗೆ ಮೊಂಡಾಗಿದ್ದವು. ಬಂದರಿನ ನಾಯಿ ಏನೇನು ಕಡಿದಿದೆಯೋ ಯಾರಿಗೆ ಗೊತ್ತು? ಹಿಂದಿನ ದವಡೆ ಹಲ್ಲನ್ನೂ ನೋಡಿ. ಹಳದಿ ಕಿಟ್ಟ ಮೊದಲು ಕಟ್ಟುವುದು ಅಲ್ಲೇ. ಮುಂದೆ ಸವೆದು ಹಿಂದೆ ಚೊಕ್ಕವಾಗಿದ್ದರೆ ಅದು ಚಟದ ಸವೆತ ಇರಬಹುದು. ಎರಡೂ ಕಡೆ ಹಾಳಾಗಿದ್ದರೆ ವಯಸ್ಸಿನ ಅನುಮಾನ ಜಾಸ್ತಿ.

ಕುಮಟಾದಿಂದ:
ಹಲ್ಲು ನೋಡಿ ನೋಡಿ ಅನ್ನುತ್ತಿದ್ದೀರಲ್ಲ, ಬೀದಿಯಿಂದ ಈಗಷ್ಟೇ ತಂದ ನಾಯಿಯ ಬಾಯಿಗೆ ಬೆರಳು ಹಾಕಬೇಡಿ ಮಾರಾಯ್ರೆ. ರೇಬೀಸ್ ಸೂಜಿ ಆಗಿದೆಯೋ ಇಲ್ಲವೋ ಗೊತ್ತಿಲ್ಲ, ನೋವು ಬೇರೆ ಇದೆ. ಬಾಯಿ ಡಾಕ್ಟ್ರು ತೆಗೆಯಲಿ. ನೀವು ದೂರದಿಂದ ಕಣ್ಣು ನೋಡಿ. ಆರೇಳು ವರ್ಷ ದಾಟಿದ ನಾಯಿಗಳಿಗೆ ಕಣ್ಣಿನ ಬೊಂಬೆಯ ಒಳಗೆ ತೆಳು ನೀಲಿ ಮಬ್ಬು ಕಾಣಿಸಿಕೊಳ್ಳುವುದುಂಟು. ಅದು ಪೊರೆ ಅಲ್ಲ, ನಾಯಿಗೆ ಕಣ್ಣು ಕಾಣುತ್ತಿರುತ್ತದೆ. ಪೊರೆಯಾದರೆ ಹಾಲಿನ ಹಾಗೆ ಬೆಳ್ಳಗೆ, ಅದು ಎಳೆ ನಾಯಿಗೂ ಬರಬಹುದು.

ಇನ್ನು ಮೂತಿ. ಹುಟ್ಟಿನಿಂದ ಬಂದ ಬಿಳಿ ಮಚ್ಚೆಯಾದರೆ ಗಡಿ ಗೆರೆ ಎಳೆದ ಹಾಗೆ ಇರುತ್ತದೆ. ನರೆತದ್ದಾದರೆ ಕಪ್ಪು ಕಂದು ಕೂದಲ ಮಧ್ಯೆ ಒಂದೊಂದೇ ಬಿಳಿ ಕೂದಲು ಬೆರೆತಿರುತ್ತದೆ. ಕೆಲವು ನಾಯಿಗಳು ಮೂರು ನಾಲ್ಕು ವರ್ಷಕ್ಕೇ ನರೆಯುತ್ತವೆ, ನಮ್ಮ ಮನೆಯ ಗಂಡಸರ ಹಾಗೆ.

ಹೊನ್ನಾವರದಿಂದ:
ಒಂದೇ ಮಾತು. ನಾಯಿಯ ವಯಸ್ಸನ್ನು ಏಳರಿಂದ ಗುಣಿಸಿದರೆ ಮನುಷ್ಯರ ವಯಸ್ಸು ಅನ್ನುವ ಲೆಕ್ಕ ಬಿಡಿ. ಒಂದು ವರ್ಷದ ನಾಯಿ ಮರಿ ಹಾಕಬಲ್ಲದು, ಏಳು ವರ್ಷದ ಹುಡುಗಿ?

ಮತ್ತೆ ಕಾರವಾರದಿಂದ:
ಪಶು ಆಸ್ಪತ್ರೆಗೆ ಹೋಗಿ ಬಂದೆವು. ದವಡೆ ಹಲ್ಲಿಗೆ ಸ್ವಲ್ಪವೇ ಕಿಟ್ಟ, ಕಣ್ಣು ತಿಳಿಯಾಗಿದೆ. ಮೂತಿಯ ಬಿಳಿ ಹುಟ್ಟಿನದೇ, ಒದ್ದೆ ಒರೆಸಿ ನೋಡಿದಾಗ ಗಡಿ ಸ್ಪಷ್ಟವಾಗಿ ಕಂಡಿತು. ಮೊಲೆ ಜೋತಿರುವುದರಿಂದ ಒಮ್ಮೆಯಾದರೂ ಮರಿ ಹಾಕಿದೆ ಅಂದರು. ಚೀಟಿಯಲ್ಲಿ ‘ಅಂದಾಜು 3ರಿಂದ 5 ವರ್ಷ’ ಅಂತ ಬರೆದರು. ಒಂದೇ ಸಂಖ್ಯೆ ಹೇಳಿ ಅಂದರೆ ಒಪ್ಪಲಿಲ್ಲ. ಸೂಜಿಗೆ ವಯಸ್ಸು ಗೊತ್ತಾಗುವವರೆಗೆ ಕಾಯಬೇಕಿಲ್ಲ ಅಂತ ರೇಬೀಸ್ ಸೂಜಿ ಅಲ್ಲೇ ಚುಚ್ಚಿದರು. ಕಾಲು ಮುರಿದಿಲ್ಲ, ಬರೀ ಉಳುಕು.

ಹೆಸರು ಬದಲಿಸೋಣ ಅಂದೆ. ಅಜ್ಜಿ ಅಂತ ಕರೆದರೆ ಮಾತ್ರ ತಿರುಗಿ ನೋಡುತ್ತದೆ.